ಟೋಪಿಯ ಮೇಲೆ ಕೂತವರು ಯಾರು

ಹಿಟ್ಟಿನ ಗಿರಣಿಯವನಿಗೂ ಒಂದು ಹೆಸರಿತ್ತು. ಅವನ ಅಮ್ಮ ಮೂರು ದಿನ ಯೋಚಿಸಿ ಇಟ್ಟ ಹೆಸರು. ಇಟ್ಟಿದ್ದಷ್ಟೇ ಬಂತು, ಬಳಸಿದವರು ಯಾರೂ ಇಲ್ಲ. ಬೀದಿಯವರಿಗೆ ಅವನು ಗಿರಣಿಯಣ್ಣ, ಹೆಂಡತಿಗೆ 'ರೀ', ಬೆನ್ನ ಹಿಂದೆ ಎಲ್ಲರಿಗೂ ಸಿಡುಕಪ್ಪ. ಗಿರಣಿಯ ಬೋರ್ಡಿನ ಮೇಲೆ ಅಪ್ಪನ ಹೆಸರು, ಕರೆಂಟು ಬಿಲ್ಲಿನ ಮೇಲೂ ಅಪ್ಪನ ಹೆಸರು. ಮದುವೆಯೂ ಎಂಥ ಅವಸರದಲ್ಲಿ ಆಯಿತೆಂದರೆ ಲಗ್ನಪತ್ರಿಕೆ ಅಚ್ಚು ಹಾಕಿಸಲು ಪುರುಸೊತ್ತಾಗಲಿಲ್ಲ. ಐವತ್ತೊಂದು ವರ್ಷ ಬದುಕಿದ ಮನುಷ್ಯ ತನ್ನ ಹೆಸರನ್ನು ಅಚ್ಚಿನಲ್ಲಿ ಒಂದೇ ಒಂದು ಸಲ ನೋಡಿಲ್ಲ ಅಂದರೆ ಹೊಟ್ಟೆ ಉರಿಯುತ್ತದೋ ಇಲ್ಲವೋ ನೀವೇ ಹೇಳಿ.

ಆ ಉರಿ ಆರುವ ಕಾಲ ಹತ್ತಿರ ಬಂದಿತ್ತು. ಭಾನುವಾರದ ಪತ್ರಿಕೆಯಲ್ಲಿ ಒಂದು ಗೂಢ ಪದಬಂಧ ಬರುತ್ತದೆ. ಗೂಢ ಅಂದರೆ, ಸುಳಿವು ಹೇಳುವುದು ಒಂದು, ಬಚ್ಚಿಟ್ಟಿರುವುದು ಇನ್ನೊಂದು. ನಮ್ಮ ಗಿರಣಿಯವನು ಓದಿದ್ದು ನಾಲ್ಕನೇ ಕ್ಲಾಸು. ಐದಕ್ಕೆ ಹೋದ ದಿನವೇ ಮೇಷ್ಟರ ಜೊತೆ ಜಗಳವಾಡಿ ಚೀಲ ಹೆಗಲಿಗೆ ಹಾಕಿಕೊಂಡು ವಾಪಸ್ಸು ಬಂದವನು. ಆದರೆ ಈ ಆಟ ಅವನಿಗೆ ಹೇಳಿ ಮಾಡಿಸಿದ್ದು. ಯಾರಾದರೂ 'ಚೆನ್ನಾಗಿದ್ದೀರಾ' ಅಂತ ಕೇಳಿದರೂ 'ಯಾಕೆ, ಏನಾಗಬೇಕಿತ್ತು' ಅಂತ ಮಾತಿನ ಒಳಗೆ ಕೈ ಹಾಕಿ ಹುಡುಕುವ ಸ್ವಭಾವ. ಅಂಥವನಿಂದ ಯಾವ ಸುಳಿವು ತಾನೆ ತಪ್ಪಿಸಿಕೊಂಡೀತು?

ಬಿಡಿಸುವ ರೀತಿಯೂ ಅವನದೇ. ಪೆನ್ನು ಮುಟ್ಟುವುದಿಲ್ಲ. ಗಿರಣಿಯ ಪಕ್ಕದಲ್ಲಿ ಒಂದು ದೊಡ್ಡ ತಗಡಿನ ಡಬ್ಬ, ಅದರ ಮುಚ್ಚಳದ ಮೇಲೆ ಯಾವಾಗಲೂ ಒಂದು ಪದರ ಹಿಟ್ಟು ಕೂತಿರುತ್ತದೆ. ಸ್ಟೂಲಿನ ಮೇಲೆ ಕೂತು, ತೋರುಬೆರಳಲ್ಲಿ ಆ ಹಿಟ್ಟಿನ ಮೇಲೆ ಚೌಕ ಎಳೆದು ಅಕ್ಷರ ಬರೆಯುತ್ತಾನೆ. ತಪ್ಪಾದರೆ ಅಂಗೈಯಲ್ಲಿ ಒರೆಸಿ, ಹಿಟ್ಟು ಉದುರಿಸಿ, ಮತ್ತೆ ಬರೆಯುತ್ತಾನೆ. ಎಲ್ಲ ಚೌಕವೂ ಸರಿಯಾಗಿ ಕೂತ ಮೇಲೆಯೇ ಪತ್ರಿಕೆಗೆ ಇಳಿಸುವುದು. ಭಾನುವಾರ ಆ ಡಬ್ಬದ ಹತ್ತಿರ ಯಾರೂ ಸೀನುವಂತಿಲ್ಲ. ಒಮ್ಮೆ ದರ್ಜಿಯವನ ತಾಯಿ ಗೊತ್ತಿಲ್ಲದೆ ಸೀನಿ, ಅರ್ಧ ಪದಬಂಧ ಹಾರಿಹೋಗಿ, ಆ ಮುದುಕಿ ಆಮೇಲೆ ಒಂದು ತಿಂಗಳು ಬಾಗಿಲ ಹೊರಗೇ ನಿಂತು ಹಿಟ್ಟು ಬೀಸಿಸಿಕೊಂಡು ಹೋದಳು.

ವರ್ಷದ ಐವತ್ತೆರಡು ಪದಬಂಧವನ್ನೂ ಒಂದು ತಪ್ಪಿಲ್ಲದೆ ತುಂಬಿ ಕಳಿಸಿದವರ ಹೆಸರನ್ನು ಪತ್ರಿಕೆ ಅಚ್ಚು ಹಾಕುತ್ತದೆ. ಹಿಂದಿನ ವರ್ಷ ಅವನದು ನಲವತ್ತನೇ ವಾರದಲ್ಲಿ ಎಡವಿತ್ತು, ಅದರ ಹಿಂದಿನ ವರ್ಷ ಜ್ವರ ಬಂದು ಕೆಟ್ಟಿತ್ತು. ಈ ವರ್ಷ ಐವತ್ತೊಂದು ಮುಗಿದು, ಐವತ್ತೊಂದೂ ಸರಿ. ಉಳಿದಿದ್ದು ಒಂದೇ ಒಂದು. ಹೆಸರು ಅಚ್ಚಾಗುವ ಈ ಲೆಕ್ಕ ಹೆಂಡತಿಗೆ ಬಿಟ್ಟರೆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಭಾನುವಾರ ಪತ್ರಿಕೆ ಬಿಡಿಸಿದವನ ಮುಖ ಅರಳಿತು. ಪದಬಂಧದ ಮೇಲೆ ದೊಡ್ಡದಾಗಿ ಬರೆದಿತ್ತು: 'ಈ ವಾರದ ವಿಷಯ, ಪುಟ್ಟನ ಟೋಪಿ.'

"ಲೇ, ಇದು ಅಮ್ಮನ ಹಾಡು ಕಣೇ" ಅಂತ ಹೆಂಡತಿಯನ್ನು ಕೂಗಿದ. ಮೋಟಾರಿನ ಸದ್ದಿಗೆ ಒಗ್ಗಿದ ಗಂಟಲು. ಗುಟ್ಟು ಹೇಳಿದರೂ ಮೂರನೇ ಮನೆಗೆ ಕೇಳುತ್ತದೆ.

ಪುಟ್ಟನ ಟೋಪಿ ಕಳೆದುಹೋಗುತ್ತದೆ. ಅವನು ಒಂದೊಂದೇ ಪ್ರಾಣಿಯನ್ನು ಕೇಳುತ್ತಾ ಹೋಗುತ್ತಾನೆ. ಅಷ್ಟೇ ಹಾಡು.

*ಪುಟ್ಟನ ಟೋಪಿ ಎಲ್ಲಿಗೆ ಹೋಯ್ತು?*
*ಇರುವೆ ಇರುವೆ, ಕಂಡೆಯಾ?*
*ನಾ ಕಾಣೆ, ನಾ ಕಾಣೆ,*
*ಕಾಗೆಯ ಹೋಗಿ ಕೇಳಯ್ಯಾ.*

ಕಾಗೆ ಅಳಿಲನ್ನು ತೋರಿಸುತ್ತದೆ, ಅಳಿಲು ಕೋಳಿಯನ್ನು. ಹೀಗೆ ಒಬ್ಬರ ಮೇಲೆ ಒಬ್ಬರು ಹಾಕುತ್ತಾ, ಕೊನೆಗೆ ಟೋಪಿ ಯಾರದೋ ಕುಂಡೆಯ ಕೆಳಗೆ ಸಿಗುತ್ತದೆ.

ಮೊದಲ ಸುಳಿವು: 'ಇರುಳು ಕೊನೆಯಿಲ್ಲದೆ, ವೆಚ್ಚ ಶುರುವಾದರೆ, ಸಾಲುಸಾಲಾಗಿ ಬರುತ್ತದೆ.' ಮೂರು ಚೌಕ. ಇರುಳಿನ ಕೊನೆ ತೆಗೆದ, ವೆಚ್ಚದ ಶುರು ಸೇರಿಸಿದ. ಇರುವೆ. ಎರಡನೆಯದು: 'ಕಾಡಿಗೂ ಗೆಳೆಯನಿಗೂ ಮೊದಲು ಸಿಕ್ಕಿದ್ದು ಕಪ್ಪು.' ಕಾಗೆ. ಬೆರಳು ಹಿಟ್ಟಿನ ಮೇಲೆ ಓಡಿದ್ದೇ ಓಡಿದ್ದು. ಗಿರಾಕಿಗಳ ಗೋಧಿ ಬೀಸುತ್ತಲೇ ಹತ್ತು ಗಂಟೆಯ ಹೊತ್ತಿಗೆ ಅಳಿಲು, ಕೋಳಿ, ಆಮೆ, ಮೇಕೆ ಎಲ್ಲವನ್ನೂ ಕಟ್ಟಿಹಾಕಿದ್ದ. ಹತ್ತೂಕಾಲಿಗೆ ಕತ್ತೆಯೂ ಸಿಕ್ಕಿತು.

ಉಳಿದಿದ್ದು ಎಡಗಡೆ ಅಂಚಿನಲ್ಲಿ ಎರಡು ಚೌಕದ ಒಂದೇ ಪದ. 'ಹಾಡಿನ ಕೊನೆಯಲ್ಲಿ ಸಿಕ್ಕಿಬಿದ್ದವರು.' ಇದಕ್ಕೆ ಯೋಚನೆ ಬೇರೆ ಬೇಕೆ? ಅಮ್ಮ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಡುತ್ತಿದ್ದ ಕೊನೆಯ ಸಾಲು ಇವತ್ತಿಗೂ ಕಿವಿಯಲ್ಲಿದೆ:

*ಹುಡುಕಿ ಹುಡುಕಿ ಸಾಕಾಯ್ತು,*
*ಎಲ್ಲರು ಎದ್ದು ನಿಲ್ಲಿರಿ.*
*ಟೋಪಿಯ ಮೇಲೆ ಕೂತವರ್ಯಾರು?*
*ಅಕ್ಕ, ಅಕ್ಕ, ಅಕ್ಕ!*

'ಅ' ಬರೆದ. 'ಕ್ಕ' ಬರೆಯಹೋದ ಬೆರಳು ಅಲ್ಲೇ ನಿಂತಿತು. ಆ ಎರಡನೇ ಚೌಕದ ಮೂಲಕ ಮೇಲಿನಿಂದ ಕೆಳಕ್ಕೆ ಇನ್ನೊಂದು ಪದ ಇಳಿಯುತ್ತಿತ್ತು. ಅದನ್ನು ಬೆಳಿಗ್ಗೆಯೇ ಬಿಡಿಸಿದ್ದ. 'ಸುಖದಲ್ಲಿ ಅರ್ಧ ಇಟ್ಟುಕೊಂಡು, ಮನೆಗೆ ಒತ್ತು ಕೊಟ್ಟರೆ, ಬಾಯಿ ಮುಚ್ಚಿಕೊಂಡಿರಬಹುದು.' ಸುಮ್ಮನೆ. ಕಲ್ಲಿನ ಮೇಲೆ ಕೊರೆದಷ್ಟು ಖಚಿತ. ಆ ಚೌಕದಲ್ಲಿ ಆಗಲೇ 'ಮ್ಮ' ಕೂತಿತ್ತು. ಅಕ್ಕ ಅಲ್ಲಿ ಕೂರುವುದಿಲ್ಲ.

ಅವನಿಗೆ ಸಿಟ್ಟು ನೆತ್ತಿಗೇರಿತು. "ಪತ್ರಿಕೆಯವರಿಗೆ ಹಾಡೇ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಯಾಕ್ರೀ ಹಾಕಬೇಕು?" ಅಂತ ಗೋಧಿ ಹಿಡಿದು ನಿಂತಿದ್ದ ದರ್ಜಿಯ ಮೇಲೆ ಎಗರಿದ.

ದರ್ಜಿ ಪಾಪದವನು. "ನನಗೆ ಮೊದಲನೇ ಸಾಲು ಗೊತ್ತು ಗಿರಣಿಯಣ್ಣ. ಇರುವೆ, ಆಮೇಲೆ ಕಾಗೆ."

"ಕೊನೇದು ಹೇಳಯ್ಯ."

"ಕೊನೇವರೆಗೂ ಯಾರು ಎಚ್ಚರವಾಗಿರ್ತಿದ್ರು? ಕೋಳಿ ಬರೋ ಹೊತ್ತಿಗೆ ನನಗೆ ನಿದ್ದೆ."

ಸಾಲಿನಲ್ಲಿದ್ದ ಪೋಸ್ಟಿನವಳನ್ನು ಕೇಳಿದರೆ ಅವಳು ಆಮೆಗೇ ಮಲಗಿಬಿಡುತ್ತಿದ್ದಳಂತೆ. ಸೈಕಲ್ ಅಂಗಡಿಯವನು ತಾನು ಮೇಕೆಯವರೆಗೂ ಹೋಗಿದ್ದೇನೆಂದು ಎದೆ ಉಬ್ಬಿಸಿದ. ದರ್ಜಿಯ ತಾಯಿ ಬಾಗಿಲಲ್ಲೇ ನಿಂತು, "ಹಾಡಿದ್ದು ನಾನೇ ಕಣಪ್ಪ, ಆದರೆ ಈ ಮಗ ಮಲಗಿದ ಮೇಲೆ ಯಾರಿಗೋಸ್ಕರ ಕೊನೇವರೆಗೆ ಹಾಡಲಿ? ಮರೆತೇಹೋಯ್ತು" ಅಂದಳು. ಇಡೀ ಬೀದಿಯಲ್ಲಿ ಆ ಹಾಡಿನ ಕೊನೆ ಮುಟ್ಟಿದವರೇ ಇಲ್ಲ. ಮಲಗದೆ ರಂಪ ಮಾಡುತ್ತಿದ್ದ ಕೂಸು ಇವನೊಬ್ಬನೇ ಇರಬೇಕು. ಹೆಂಡತಿ ಬೆಳೆದದ್ದು ಬೇರೆ ಕಡೆ, ಅವಳ ಹಾಡುಗಳೇ ಬೇರೆ.

"ಅಮ್ಮ, ತಮ್ಮ, ಗುಮ್ಮ, ಯಾವುದಾದರೂ ಕೂರುತ್ತಲ್ಲಾ" ಅಂದ ಸೈಕಲ್ ಅಂಗಡಿಯವನು ಬಗ್ಗಿ ನೋಡಿ.

"ಕೂರೋದಕ್ಕೆ ನೀನೂ ಕೂರ್ತೀಯ. ನನಗೆ ಬೇಕಾಗಿರೋದು ಸರಿಯಾದದ್ದು" ಅಂದ ಗಿರಣಿಯವನು. ಊಹೆ ಮಾಡಿ ಕಳಿಸಿ ತಪ್ಪಾದರೆ ಇನ್ನೊಂದು ಐವತ್ತೆರಡು ವಾರ ಕಾಯಬೇಕು. ಪತ್ರಿಕೆ ಏಜೆಂಟನ ಅಂಗಡಿಯ ಮುಂದಿನ ಪೆಟ್ಟಿಗೆಗೆ ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಹಾಕಬೇಕು.

ಊಟಕ್ಕೆ ಕೂತಾಗ ಹೆಂಡತಿ ತಟ್ಟೆ ಇಟ್ಟವಳು ಅಲ್ಲೇ ನಿಂತಳು. "ಕೊನೆ ಗೊತ್ತಿರೋರು ಒಬ್ಬರಿದ್ದಾರಲ್ಲ."

"ಯಾರು?"

"ನಿಮ್ಮಕ್ಕ."

ಅವನು ತುತ್ತು ಬಾಯಿಗೆ ಹಾಕಿಕೊಂಡು ಗೋಡೆ ನೋಡಿದ. ಎರಡು ಬೀದಿ ಆಚೆ ಇರುವ ಅಕ್ಕನ ಜೊತೆ ಮಾತು ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಯಾಕೆ ಅನ್ನುವುದನ್ನೂ ಹೇಳಿಬಿಡಬೇಕು. ಹೋದ ವರ್ಷ ಒಂದು ದಿನ ತಕ್ಕಡಿಯ ಅರ್ಧ ಕೆಜಿ ಬಟ್ಟು ಕಾಣೆಯಾಯಿತು. ಆಗ ಅಕ್ಕ ಗೋಧಿ ಬೀಸಿಸಿಕೊಂಡು ಚೀಲ ಕಟ್ಟುತ್ತಿದ್ದಳು. ಇವನು ಆರು ಜನ ಗಿರಾಕಿಗಳ ಮುಂದೆ, ಮೋಟಾರಿಗಿಂತ ಜೋರಾಗಿ, "ಅಕ್ಕ, ನಿನ್ನ ಚೀಲ ಸ್ವಲ್ಪ ಸುರಿದು ನೋಡು" ಅಂದ. ಅಕ್ಕ ಸುರಿದಳು. ಅಷ್ಟೂ ಹಿಟ್ಟನ್ನು ನೆಲದ ಮೇಲೆ ಸುರಿದಳು, ಖಾಲಿ ಚೀಲವನ್ನು ಅವನ ಮುಖದ ಮುಂದೆ ಎರಡು ಸಲ ಕೊಡವಿದಳು, ಹೋದಳು. ಅವತ್ತಿನಿಂದ ಅವಳ ಗೋಧಿ ಊರಾಚೆಯ ಇನ್ನೊಂದು ಗಿರಣಿಗೆ ಹೋಗುತ್ತದೆ. ನಡೆದರೆ ಇಪ್ಪತ್ತು ನಿಮಿಷ.

ಎಂಟು ದಿನದ ಮೇಲೆ ಬಟ್ಟು ಸಿಕ್ಕಿತು. ಎಲ್ಲಿ ಅಂತೀರಿ? ಇವನು ಕೂರುವ ಸ್ಟೂಲಿನ ಕುಂಟುಗಾಲಿನ ಕೆಳಗೆ. ಪದಬಂಧ ಬರೆಯುವಾಗ ಸ್ಟೂಲು ಅಲ್ಲಾಡುತ್ತದೆ ಅಂತ ಇವನೇ ಕೈಗೆ ಸಿಕ್ಕಿದ್ದನ್ನು ತೂರಿಸಿ ಮರೆತಿದ್ದ. ನೆಲ ಗುಡಿಸುವಾಗ ಕಂಡ. ಕಂಡವನು ಏನು ಮಾಡಿದ? ಅತ್ತ ಇತ್ತ ನೋಡಿ ಅದನ್ನು ಅಲ್ಲೇ ಬಿಟ್ಟ. ತೆಗೆದರೆ ಸ್ಟೂಲು ಕುಂಟುತ್ತದೆ, ಹೇಳಿದರೆ ತಾನು ಕುಂಟಬೇಕಾಗುತ್ತದೆ. ಪೇಟೆಗೆ ಹೋಗಿ ಹೊಸ ಬಟ್ಟು ತಂದ. ಹದಿನಾಲ್ಕು ತಿಂಗಳಿಂದ ಅದೇ ಬಟ್ಟಿನ ಮೇಲೆ ಕೂತು ಪದಬಂಧ ಬಿಡಿಸುತ್ತಿದ್ದ. ಹೆಂಡತಿಗೆ ಗೊತ್ತಿತ್ತು. ಗುಡಿಸುವವಳು ವಾರಕ್ಕೆ ಆರು ದಿನ ಅವಳೇ ತಾನೆ.

"ಹೆಸರು ಅಚ್ಚಾಗಬೇಕೋ ಬೇಡವೋ" ಅಂದಳು ಅವಳು. "ಅಷ್ಟು ಹೇಳಿ, ನಾನು ತಟ್ಟೆ ತೊಳೀಬೇಕು."

ಅವನು ಅಂಗಿ ಹಾಕಿಕೊಂಡ.

ಅಕ್ಕನ ಮನೆಯ ಬಾಗಿಲು ತೆಗೆದದ್ದು ಭಾವ. ಹೆಡ್ ಮಾಸ್ಟರಾಗಿ ನಿವೃತ್ತರಾದವರು. ಕೈಯಲ್ಲಿ ಅದೇ ಪತ್ರಿಕೆ, ಅದೇ ಪದಬಂಧ, ಹೊಡೆದುಹಾಕಿ ಹೊಡೆದುಹಾಕಿ ಶಾಯಿಯಲ್ಲಿ ಮುಳುಗಿತ್ತು. ಅವರು ಪೆನ್ನಲ್ಲೇ ಬರೆಯುವವರು. ತಪ್ಪು ಆಗುವುದಿಲ್ಲ ಅನ್ನುವ ನಂಬಿಕೆ.

"ಬಾರಯ್ಯ ಬಾ. ಕೊನೇದು ಏನು ಹಾಕಿದೆ?"

"ನೀವೇನು ಹಾಕಿದ್ರಿ ಭಾವ?"

"ನಾನು ಬೆಳಿಗ್ಗೆಯಿಂದ ನಿಮ್ಮಕ್ಕನ್ನ ಕೇಳ್ತಿದ್ದೀನಿ. ಬಾಯಿ ಬಿಡ್ತಿಲ್ಲ. ಕೇಳಬೇಕಾದವರು ಬಂದು ಕೇಳಲಿ ಅಂತಾಳೆ. ನೀನೇ ಇರಬೇಕು."

ಅಕ್ಕ ಒಳಗಿನ ಕೋಣೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ತಮ್ಮನ ಕಡೆ ತಿರುಗಲಿಲ್ಲ. ಗಂಡನಿಗೆ ಹೇಳಿದಳು: "ಬಂದಿರೋರಿಗೆ ಏನು ಬೇಕಂತೆ, ಕೇಳಿ."

ಭಾವ ಇವನ ಕಡೆ ತಿರುಗಿದರು. "ಏನು ಬೇಕಂತೆ?"

"ಹಾಡಿನ ಕೊನೇ ಸಾಲು ಬೇಕು ಅಂತ ಹೇಳಿ."

"ಕೊನೇ ಸಾಲು ಬೇಕಂತೆ ಕಣೇ."

"ಅವರಿಗೆ ಗೊತ್ತಲ್ವಾ? ದಿನಾ ಕೇಳಿ ಬೆಳೆದೋರು."

"ನಿನಗೆ ಗೊತ್ತಲ್ವಾ ಅಂತಿದ್ದಾಳೆ."

"ಕೇಳಿಸ್ತು ಭಾವ, ನಾನೇನು ಕಿವುಡನಾ? ಅಮ್ಮ ಅಕ್ಕ ಅಂತ ಹಾಡ್ತಿದ್ದಳು. ಪತ್ರಿಕೇಲಿ ಅದು ಕೂರ್ತಾ ಇಲ್ಲ."

ಅಕ್ಕನ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಯಲ್ಲೇ ನಿಂತಿತು. ಬೆನ್ನು ಸಣ್ಣಗೆ ಕುಲುಕಿದಂತಾಯಿತು. ನಕ್ಕಳೋ ಏನೋ, ಮುಖ ಮಾತ್ರ ತೋರಿಸಲಿಲ್ಲ.

"ಹೇಳ್ತೀನಿ ಅಂತ ಹೇಳಿ ಅವರಿಗೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಗಿರಣಿಗೆ ಬರ್ತೀನಿ. ಅವತ್ತು ಆರು ಜನ ಇದ್ರು. ನಾಳೆನೂ ಆರು ಜನ ಇರಬೇಕು. ಬಟ್ಟು ಎಲ್ಲಿತ್ತು ಅಂತ ಅಷ್ಟೂ ಜನರ ಮುಂದೆ ಮೊದಲು ಅವರು ಹೇಳಲಿ, ಆಮೇಲೆ ನಾನು ಹೇಳ್ತೀನಿ."

ಗಿರಣಿಯವನ ಕಿವಿ ಬಿಸಿಯಾಯಿತು. "ಬಟ್ಟು ಸಿಕ್ಕಿದ್ದು ಇವಳಿಗೆ ಯಾರು ಹೇಳಿದ್ರು?"

"ಸಿಕ್ಕಿತಾ?" ಅಂದರು ಭಾವ.

ಅಕ್ಕ ಅಂಗಿಯನ್ನು ಪೂರ್ತಿ ಮಡಿಸಿದಳು. "ಈಗ ಅವರೇ ಹೇಳಿದ್ರಲ್ಲ."

ಸಿಟ್ಟಿನ ಮನುಷ್ಯನಿಗೆ ತನ್ನ ಬಾಯಿಗಿಂತ ದೊಡ್ಡ ಶತ್ರು ಬೇರೆ ಇಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತಿರಬಹುದು. ಅವನು ಚಪ್ಪಲಿಯನ್ನು ಎಡಬಲ ಮಾಡಿ ಮೆಟ್ಟಿಕೊಂಡು ಮನೆಗೆ ಬಂದ. 'ಗುಮ್ಮ' ಅಂತ ಬರೆದು ಕಳಿಸಿಬಿಡುತ್ತೇನೆ ಅಂದ. ಹೆಂಡತಿ "ಕಳಿಸಿ" ಅಂದಳು. 'ಅಮ್ಮ' ಇರಬಹುದು ಅಂದ. "ಇರಬಹುದು" ಅಂದಳು. ಯಾವುದಕ್ಕೂ ಎದುರು ಮಾತಾಡದ ಹೆಂಡತಿಯ ಜೊತೆ ಎಷ್ಟು ಹೊತ್ತು ಜಗಳವಾಡಲಾದೀತು?

ಸೋಮವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅಕ್ಕ ಬಂದಳು. ತಲೆಯ ಮೇಲೆ ಗೋಧಿ ಚೀಲ, ಹಿಂದೆ ಪತ್ರಿಕೆ ಹಿಡಿದ ಭಾವ. ಗಿರಣಿಯಲ್ಲಿ ಆಗಲೇ ಇದ್ದವರು ದರ್ಜಿ, ಅವನ ತಾಯಿ, ಪೋಸ್ಟಿನವಳು, ಸೈಕಲ್ ಅಂಗಡಿಯವನು, ಹಾಲಿನವಳು. ಐದು ಜನ.

"ಒಬ್ಬರು ಕಡಿಮೆ" ಅಂದಳು ಅಕ್ಕ ಗಂಡನಿಗೆ.

"ನನ್ನನ್ನ ಲೆಕ್ಕಕ್ಕೆ ಹಿಡಿಯೇ" ಅಂದರು ಭಾವ. ಗಡಿಯಾರ ನೋಡಿಕೊಳ್ಳುತ್ತಿದ್ದರು, ಅವರ ಪದಬಂಧವೂ ಪೆಟ್ಟಿಗೆಗೆ ಬೀಳಬೇಕಿತ್ತು.

ಗಿರಣಿ ಓಡುತ್ತಿತ್ತು. ಬೆಲ್ಟು ಪಟಪಟ ಅನ್ನುತ್ತಿತ್ತು, ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಹಾಲಿನವಳ ಜೋಳದ ಹಿಟ್ಟು ಅವಳ ಡಬ್ಬಕ್ಕೆ ಇಳಿಯುತ್ತಿತ್ತು. ಹುಟ್ಟಿದಾರಭ್ಯ ಆ ಸದ್ದಿನ ಮೇಲೆ ಮಾತಾಡಿದ ಮನುಷ್ಯ, ಅವತ್ತು ಮೊದಲ ಸಲ ಅದರ ಕೆಳಗೆ ಮಾತಾಡಿದ. ಬಾಯಿ ಆಡಿದ್ದು ಎಲ್ಲರಿಗೂ ಕಂಡಿತು. ಕೇಳಿದ್ದು ಯಾರಿಗೂ ಇಲ್ಲ.

"ಏನಂತೆ?" ಅಂದಳು ದರ್ಜಿಯ ತಾಯಿ ಬಾಗಿಲಿಂದ.

"ಹೇಳಿ ಆಯ್ತು" ಅಂದ ಗಿರಣಿಯವನು.

"ಮೋಟಾರು ಆರಿಸೋಕೆ ಹೇಳಿ" ಅಂದಳು ಅಕ್ಕ ಗಂಡನಿಗೆ.

"ಕಾಳು ಒಳಗಿರುವಾಗ ಮೋಟಾರು ಆರಿಸಿದರೆ ಕಲ್ಲು ಕಚ್ಚಿಕೊಳ್ಳುತ್ತೆ. ಅಪ್ಪನ ಕಾಲದಿಂದ ಯಾರೂ ಆರಿಸಿಲ್ಲ."

"ಹಂಗಾದ್ರೆ ನಾವು ಹೋಗೋಣ ನಡೀರಿ."

ಅವನು ಗೋಡೆಯ ಸ್ವಿಚ್ಚನ್ನು ನೋಡಿದ. ಗಡಿಯಾರ ನೋಡಿದ. ಹನ್ನೊಂದು ಹತ್ತು. ಕೈ ಎತ್ತಿ ಸ್ವಿಚ್ಚು ಕೆಳಗೆ ಎಳೆದ. ಬೆಲ್ಟು ಎರಡು ಸುತ್ತು ಸೋಮಾರಿಯಾಗಿ ಸುತ್ತಿ ನಿಂತಿತು. ಪಕ್ಕದ ಅಂಗಡಿಯವನು "ಕರೆಂಟು ಹೋಯ್ತಾ?" ಅಂತ ಇಣುಕಿ, ಒಳಗಿನ ಮುಖಗಳನ್ನು ನೋಡಿ ಅಲ್ಲೇ ನಿಂತ. ಏಳು ಜನವಾಯಿತು. ಬರಬೇಕಾದ್ದಕ್ಕಿಂತ ಒಬ್ಬ ಜಾಸ್ತಿ.

ಗಿರಣಿಯವನು ಬಗ್ಗಿ ಸ್ಟೂಲನ್ನು ಓರೆ ಮಾಡಿದ. ಕಾಲಿನ ಕೆಳಗಿನಿಂದ ಹಳೇ ಬಟ್ಟನ್ನು ತೆಗೆದು, ಪಂಚೆಯಲ್ಲಿ ಒರೆಸಿ, ತಕ್ಕಡಿಯ ಮೇಲಿಟ್ಟ.

"ಇಲ್ಲಿತ್ತು. ನಾನೇ ಇಟ್ಟಿದ್ದೆ. ಎಂಟನೇ ದಿನಕ್ಕೇ ಸಿಕ್ಕಿತ್ತು." ಗಂಟಲು ಸರಿ ಮಾಡಿಕೊಂಡ. "ಅಕ್ಕನ ಚೀಲದಲ್ಲಿ ಹಿಟ್ಟು ಬಿಟ್ಟು ಏನೂ ಇರಲಿಲ್ಲ."

ಮೋಟಾರಿಲ್ಲದ ಗಿರಣಿಯಲ್ಲಿ ಆ ಮಾತು ಎಷ್ಟು ದೊಡ್ಡದಾಗಿ ಕೇಳಿತೆಂದರೆ ಅವನೇ ಬೆಚ್ಚಿದ. ದರ್ಜಿ ಮೆಲ್ಲಗೆ, "ಹದಿನಾಲ್ಕು ತಿಂಗಳು ಅದರ ಮೇಲೇ ಕೂತಿದ್ರಾ?" ಅಂದ.

"ನಿನ್ನ ಗೋಧಿ ಬೀಸಬೇಕೋ ಬೇಡವೋ?"

ಅಕ್ಕ ಚೀಲ ಕೆಳಗಿಟ್ಟು, ತಗಡಿನ ಡಬ್ಬದ ಹತ್ತಿರ ಬಂದಳು. ಮುಚ್ಚಳದ ಮೇಲಿನ ಹಿಟ್ಟಿನಲ್ಲಿ ನಿನ್ನೆಯ ಚೌಕಗಳು ಹಾಗೇ ಇದ್ದವು. ಅವಳು ನಿಂತಲ್ಲೇ ಹಾಡಿದಳು. ಐವತ್ತೆಂಟು ವರ್ಷದವಳ ದನಿ, ನಡುವೆ ಒಂದು ಕಡೆ ಬಿರುಕು. ಎಲ್ಲರು ಎದ್ದು ನಿಲ್ಲಿರಿ, ಟೋಪಿಯ ಮೇಲೆ ಕೂತವರ್ಯಾರು? ಅಲ್ಲಿಗೆ ನಿಲ್ಲಿಸಿ, ತೋರುಬೆರಳಿನಿಂದ ಎಡಗಡೆಯ ಎರಡು ಚೌಕ ಒರೆಸಿ ಬರೆದಳು: ತಮ್ಮ.

"ಸುಳ್ಳು" ಅಂದ ಗಿರಣಿಯವನು.

"ಸುಳ್ಳಲ್ಲ ಕಣೋ." ಹದಿನಾಲ್ಕು ತಿಂಗಳ ಮೇಲೆ ನೇರವಾಗಿ ಆಡಿದ ಮೊದಲ ಮಾತು. "ಹಾಡು ಇರೋದೇ ಹಾಗೆ. ಅಮ್ಮ ಮೊದಮೊದಲು ನಿನಗೂ ಹಾಗೇ ಹಾಡ್ತಿದ್ದಳು. ತಮ್ಮ ಅಂದ ಕೂಡಲೆ ನೀನು ಎದ್ದು ಕೂತು, ನಾನಲ್ಲ ನಾನಲ್ಲ ಅಂತ ಕೈಗೆ ಸಿಕ್ಕಿದ್ದೆಲ್ಲ ಎಸೀತಿದ್ದೆ. ಮೂರು ಲೋಟ ಸೊಟ್ಟಗಾದ ಮೇಲೆ ಅಮ್ಮ ನನ್ನ ಕರೆದು ಕೇಳಿದಳು, 'ನಿನ್ನ ಹೆಸರು ಹಾಕ್ಲೇನೇ, ಇವನು ಮಲಗ್ಲಿ' ಅಂತ. ಹಾಕಮ್ಮ ಅಂದೆ. ನನಗಾಗ ಒಂಬತ್ತು ವರ್ಷ. ಆವತ್ತಿಂದ ಈ ಮನೇಲಿ ಏನು ಕಳೆದರೂ ಕಳ್ಳಿ ನಾನೇ."

ಪೋಸ್ಟಿನವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗು ತಡೆಯಲಿಕ್ಕೋ ಮತ್ತೆ ಯಾತಕ್ಕೋ. ಗಿರಣಿಯವನು ಹಿಟ್ಟಿನ ಮೇಲಿನ ಎರಡು ಅಕ್ಷರವನ್ನು ನೋಡುತ್ತಾ ನಿಂತ. ಒರೆಸಲು ಅಂಗೈ ಮುಂದೆ ಹೋಗಿ ಹಿಂದೆ ಬಂತು. 'ತಮ್ಮ', ಅದನ್ನು ಹಾಯ್ದು ಮೇಲಿಂದ ಕೆಳಕ್ಕೆ 'ಸುಮ್ಮನೆ'. ಎರಡೂ ಅಚ್ಚುಕಟ್ಟಾಗಿ ಕೂತಿದ್ದವು.

"ಆಗಲೇ ಹೇಳಬಾರದಿತ್ತಾ?" ಅಂದ ಕೊನೆಗೆ.

"ಹೇಳಿದ್ರೆ ಲೋಟ ಎಸೀತಿದ್ದೆ."

ಭಾವ ಅಷ್ಟರಲ್ಲಿ ತಮ್ಮ ಪತ್ರಿಕೆಯಲ್ಲಿ ಅದನ್ನು ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದ್ದರು. "ಬೇಗ ಇಳಿಸಯ್ಯ, ಹನ್ನೊಂದೂ ಇಪ್ಪತ್ತು."

ಅವನು ಇಳಿಸಿದ. ಕೊನೆಯ ಎರಡು ಚೌಕ ತುಂಬುವಾಗ ಪೆನ್ನು ಸ್ವಲ್ಪ ಜೋರಾಗಿ ಒತ್ತಿ ಕಾಗದಕ್ಕೆ ತೂತು ಬಿತ್ತು. ಭಾವ, ಭಾವಮೈದುನ ಇಬ್ಬರೂ ಏಜೆಂಟನ ಅಂಗಡಿಗೆ ಒಟ್ಟಿಗೆ ನಡೆದರು. ಇತ್ತ ಗಿರಣಿಯಲ್ಲಿ ಕಲ್ಲು ಅವನು ಹೇಳಿದ ಹಾಗೇ ಕಚ್ಚಿಕೊಂಡಿತ್ತು. ಬಂದು ಬಿಚ್ಚಿ, ಹಾಲಿನವಳ ಜೋಳ ಬಗೆದು ತೆಗೆದು, ಮತ್ತೆ ಜೋಡಿಸುವ ಹೊತ್ತಿಗೆ ಸಂಜೆಯಾಯಿತು. ಅಷ್ಟು ಹೊತ್ತೂ ಅವನು ಯಾರನ್ನೂ ಬೈಯಲಿಲ್ಲ. ಗಿರಾಕಿಗಳಿಗೆ ಅದೇ ದಿಗಿಲಾಯಿತು.

ಎರಡು ಭಾನುವಾರ ಕಳೆದು ಮೂರನೆಯದಕ್ಕೆ ಹೆಸರುಗಳು ಬಂದವು. ಹನ್ನೊಂದು ಹೆಸರು. ಭಾವನದು ಇರಲಿಲ್ಲ, ಅವರ ವರ್ಷ ಆರನೇ ವಾರದಲ್ಲೇ ಕೆಟ್ಟಿತ್ತು, ಆದರೂ ಕಳಿಸುತ್ತಲೇ ಇದ್ದರು. ಏಳನೆಯದು ಇವನದು, ಊರಿನ ಜೊತೆಗೆ, ಅಮ್ಮ ಇಟ್ಟ ಹಾಗೆಯೇ. ಬೆಳಿಗ್ಗೆ ಎದ್ದು ನಾಲ್ಕು ಸಲ ಓದಿಕೊಂಡಿದ್ದ. ಪತ್ರಿಕೆಯನ್ನು ಯಾರಿಗೂ ತೋರಿಸದೆ, ಎಲ್ಲರಿಗೂ ಕಾಣುವ ಹಾಗೆ, ತಗಡಿನ ಡಬ್ಬದ ಮೇಲೆ ಆ ಪುಟವನ್ನೇ ಮೇಲೆ ಮಾಡಿ ಇಟ್ಟು ಸ್ಟೂಲಿನ ಮೇಲೆ ಕೂತ. ಬಟ್ಟು ಈಗ ತಕ್ಕಡಿಯಲ್ಲಿತ್ತು. ಸ್ಟೂಲು ಕುಂಟುತ್ತಿತ್ತು.

ಸೈಕಲ್ ಅಂಗಡಿಯವನು ಬಗ್ಗಿ ಓದಿದ. "ಓ, ಐವತ್ತೆರಡೂ ಬಿಡಿಸಿದೋರಾ? ನೋಡ್ರೋ, ನಮ್ಮೂರಿನೋನೂ ಒಬ್ಬ ಇದ್ದಾನೆ." ಏಳನೆಯ ಹೆಸರನ್ನು ಜೋರಾಗಿ ಓದಿ ಹೇಳಿದ. "ಯಾರಪ್ಪ ಇವನು?"

ದರ್ಜಿ ಕೇಳಿಲ್ಲ ಅಂದ. ಪೋಸ್ಟಿನವಳು ಹಣೆ ಗಂಟಿಕ್ಕಿ, ತಾನು ಇಪ್ಪತ್ತು ವರ್ಷದಿಂದ ಕಾಗದ ಹಂಚುತ್ತಿದ್ದೇನೆ, ಈ ಹೆಸರಿನವನು ಊರಲ್ಲಿ ಇಲ್ಲವೇ ಇಲ್ಲ, ಅಚ್ಚಿನವರು ತಪ್ಪು ಮಾಡಿರಬೇಕು ಅಂತ ಖಡಾಖಂಡಿತ ಹೇಳಿದಳು. "ಬಾಡಿಗೆಗೆ ಬಂದೋನು ಯಾರೋ ಇರಬೇಕು" ಅಂದಳು ದರ್ಜಿಯ ತಾಯಿ.

ಗಿರಣಿಯವನ ಕುತ್ತಿಗೆಯ ನರ ಉಬ್ಬಿತು. ಬಾಯಿ ತೆರೆದ. ಸ್ಟೂಲು ಟಕ್ ಅಂತ ಒಂದು ಕಡೆ ವಾಲಿತು.

ತಕ್ಕಡಿಯ ಹತ್ತಿರ ತನ್ನ ಸರದಿಗೆ ನಿಂತಿದ್ದ ಅಕ್ಕ ಚೀಲದ ಬಾಯಿ ಬಿಚ್ಚುತ್ತಾ, ತಲೆ ಎತ್ತದೆ, ಮೋಟಾರಿಗಿಂತ ಜೋರಾಗಿ ಹೇಳಿದಳು:

"ನನ್ನ ತಮ್ಮ. ಅಗೋ, ಕೂತವ್ನೆ ನೋಡಿ."